ಗಾಜಿನ ತೊಟ್ಟಿಯ ಆಮೆಗೆ ಒಣ ಸೀಗಡಿ: ಪ್ರೀತಿಯೋ, ಪೀಡನೆಯೋ?



ಗಣಿಗಾರಿಕೆ, ಕಾಡ್ಗಿಚ್ಚು, ನೀಲಗಿರಿ ನೆಡುತೋಪು, ಬತ್ತುತ್ತಿರುವ ಹಳ್ಳಗಳು – ಇಂಥ ವಿಷಯಗಳನ್ನೇ ಈ ಪುಟಗಳಲ್ಲಿ ಓದಿ ರೂಢಿಯಾದ ನಿಮಗೆ ಸಾಕು ಆಮೆಯ ತಿಂಡಿಯ ಕುರಿತ ಲೇಖನ ಕ್ಷುಲ್ಲಕವೆನಿಸಬಹುದು. ಆದರೆ ಪ್ರಕೃತಿಯ ಮೇಲಿನ ಅನ್ಯಾಯಗಳೆಲ್ಲ ಬುಲ್ಡೋಜರಿನ ಮೇಲೆ ಕುಳಿತೇ ಬರುವುದಿಲ್ಲ. ಕೆಲವು ಅಂದವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮಕ್ಕಳ ಹುಟ್ಟುಹಬ್ಬದ ಉಡುಗೊರೆಯ ರೂಪದಲ್ಲಿ, ಪ್ರಾಣಿದಯೆಯ ವೇಷದಲ್ಲಿ ನಮ್ಮ ಮನೆಯೊಳಗೇ ಬರುತ್ತವೆ. ಸಾಕು ಆಮೆಗೆ 'ಪ್ರೀತಿಯಿಂದ' ಹಾಕುವ ಒಣ ಸೀಗಡಿ ಅಂಥದ್ದೊಂದು.

ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ಬೆಂಗಳೂರು–ಪುಣೆ ಹೆದ್ದಾರಿಯ ಮೇಲೆ ಐಮಂಗಲವಿದೆ. ಹೆದ್ದಾರಿಯ ಊರುಗಳಿಗೆ ಮಹಾನಗರದ ಅಭ್ಯಾಸಗಳು ಬೇಗ ಬರುತ್ತವೆ. ಬೆಂಗಳೂರಿನಲ್ಲಿ ಓದುವ, ದುಡಿಯುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಬಟ್ಟೆಬರೆಯೊಂದಿಗೆ ಗಾಜಿನ ತೊಟ್ಟಿ, ಅದರೊಳಗೊಂದು ಆಮೆಮರಿ, ಮೇಲೊಂದು ಸೀಗಡಿ ಡಬ್ಬಿಯನ್ನೂ ತರುವ ಕಾಲವಿದು. ಈಚೆಗೆ ಆ ಭಾಗದ ಮನೆಯೊಂದರಲ್ಲಿ ನಾನು ಕಂಡ ಆಮೆಯ ಎರಡೂ ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. "ಸೀಗಡಿ ಬಿಟ್ರೆ ಬೇರೆ ಏನೂ ಮುಟ್ಟಲ್ಲ ಡಾಕ್ಟ್ರೇ, ಅಷ್ಟು ಇಷ್ಟ ಅದಕ್ಕೆ" ಎಂದು ಮನೆಯಾಕೆ ಹೆಮ್ಮೆಯಿಂದಲೇ ಹೇಳಿದರು. ನಾನು ಬೆಳೆಗಳನ್ನು ಓದಿ ಡಾಕ್ಟರ್ ಎನಿಸಿಕೊಂಡವನು, ಪಶುವೈದ್ಯನಲ್ಲ. ಆದರೂ ಮೇವಿಗೂ ದೇಹಕ್ಕೂ ಇರುವ ಸಂಬಂಧವನ್ನು ಬಲ್ಲ ಯಾರಿಗಾದರೂ ಆ ಹೆಮ್ಮೆಯ ಮಾತಿನಲ್ಲೇ ರೋಗದ ಮೂಲ ಕಾಣಿಸುತ್ತಿತ್ತು.

ನನ್ನ ವಾದವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆಮೆಯನ್ನು ತೊಟ್ಟಿಯಲ್ಲಿಟ್ಟು ಸಾಕುವುದೇ ತಪ್ಪು. ಸೀಗಡಿಯ ತಿಂಡಿ ಆ ತಪ್ಪಿಗೆ ಸವರಿದ ಸಕ್ಕರೆ. ಆ ಸಕ್ಕರೆಯ ಸವಿಯಲ್ಲಿ ತಪ್ಪು ನಮಗೆ ತಪ್ಪಾಗಿ ಕಾಣುವುದೇ ಇಲ್ಲ.

ಸೀಗಡಿಯಲ್ಲಿ ಏನಿದೆ, ಏನಿಲ್ಲ?

ಒಣ ಸೀಗಡಿಯೇ ಕೆಟ್ಟ ಪದಾರ್ಥವೆಂದು ಯಾರೂ ಭಾವಿಸಬಾರದು. ಕಡಲ ದಡದಲ್ಲಿ ಬಿಸಿಲಿಗೆ ಒಣಗಿ, ಘಟ್ಟ ಹತ್ತಿ ಬಯಲುಸೀಮೆಯ ಸಂತೆಗಳಿಗೆ ಬರುವ ಸೀಗಡಿ ಎಷ್ಟೋ ಬಡ ಮನೆಗಳಲ್ಲಿ ಬದನೆಕಾಯಿಯೊಡನೆ ಸಾರಾಗಿ ಮುದ್ದೆಗೆ ಜೊತೆಯಾಗುತ್ತದೆ. ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಪ್ರೋಟೀನು. ಆದರೆ ನಾವು ಸೀಗಡಿಯನ್ನಷ್ಟೇ ತಿಂದು ಬದುಕುವುದಿಲ್ಲ. ರಾಗಿ, ಸೊಪ್ಪು, ಕಾಳು, ಮಜ್ಜಿಗೆ ಎಲ್ಲ ಜೊತೆಗಿರುತ್ತವೆ. ತೊಟ್ಟಿಯ ಆಮೆಗೆ ಈ ಭಾಗ್ಯವಿಲ್ಲ. ಒಡೆಯ ಹಾಕಿದ್ದೇ ಅದರ ಪಾಲಿಗೆ ಪ್ರಪಂಚ.

ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ ಕೆಂಪುಕಿವಿ ಆಮೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎಳೆಯದಾಗಿದ್ದಾಗ ಅದು ಹುಳು, ಬಸವನಹುಳು, ಸಣ್ಣ ಮೀನುಗಳನ್ನು ಹೆಚ್ಚು ತಿನ್ನುತ್ತದೆ. ಬೆಳೆದಂತೆಲ್ಲ ಜಲಸಸ್ಯಗಳತ್ತ ಹೊರಳುತ್ತದೆ. ಹಸಿರು ಸೊಪ್ಪು ಮತ್ತು ಜೀವಂತ ಬೇಟೆಯಿಂದ ಅದಕ್ಕೆ ದೊರೆಯಬೇಕಾದ 'ಎ' ಜೀವಸತ್ವ ಒಣಗಿದ ಸೀಗಡಿಯಲ್ಲಿ ಅತ್ಯಲ್ಪ. ಈ ಜೀವಸತ್ವದ ಕೊರತೆಯಾದಾಗ ಕಣ್ಣು, ಮೂಗು, ಶ್ವಾಸನಾಳಗಳ ಒಳಪದರ ಕೆಡುತ್ತದೆ, ರೆಪ್ಪೆಗಳು ಊದಿಕೊಳ್ಳುತ್ತವೆ. ಆಮೆ ಬೇಟೆಯನ್ನು ಹುಡುಕುವುದು ಮುಖ್ಯವಾಗಿ ಕಣ್ಣಿನಿಂದ. ಕಣ್ಣು ಮುಚ್ಚಿದ ಆಮೆ ಮೇವು ಬಿಡುತ್ತದೆ; ಮೇವು ಬಿಟ್ಟ ಆಮೆಯನ್ನು ಒಲಿಸಲು ಒಡೆಯ ಮತ್ತಷ್ಟು ಸೀಗಡಿ ಹಾಕುತ್ತಾನೆ.

'ಸೀಗಡಿಯ ಸಿಪ್ಪೆಯಲ್ಲಿ ಸುಣ್ಣವಿದೆ, ಚಿಪ್ಪು ಗಟ್ಟಿಯಾಗುತ್ತದೆ' ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಇದು ಅರ್ಧಸತ್ಯ. ಸಿಪ್ಪೆಯಲ್ಲಿ ಸುಣ್ಣದ ಅಂಶವೇನೋ ಉಂಟು. ಆದರೆ ಆ ಸುಣ್ಣ ಮೈಗೆ ಹತ್ತಬೇಕಾದರೆ 'ಡಿ' ಜೀವಸತ್ವ ಬೇಕು. ಆಮೆ ಅದನ್ನು ತನ್ನ ಚರ್ಮದಲ್ಲಿ ತಯಾರಿಸಿಕೊಳ್ಳುವುದು ಸೂರ್ಯನ ಅತಿನೇರಳೆ ಕಿರಣಗಳ ನೆರವಿನಿಂದ. ಆ ಕಿರಣಗಳು ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲ. ಕಿಟಕಿಯ ಪಕ್ಕದಲ್ಲಿಟ್ಟ ತೊಟ್ಟಿಯಲ್ಲಿ ಬೆಳಕು ಕಾಣುತ್ತದೆ, ಬಿಸಿಲಿನ ಫಲ ಸಿಗುವುದಿಲ್ಲ. ಹೀಗಾಗಿ ಬೆಳೆಯುವ ವಯಸ್ಸಿನ ಆಮೆಯ ಮೂಳೆ ಟೊಳ್ಳಾಗುತ್ತದೆ, ಚಿಪ್ಪು ಮೆತ್ತಗಾಗಿ ಸೊಟ್ಟಗೆ ಬೆಳೆಯುತ್ತದೆ. ಗೊಬ್ಬರ ಹಾಕಿ ನೀರು ಹಾಯಿಸದ ಹೊಲದ ಕಥೆ ಇದು. ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮನುಷ್ಯರ ಬಳಕೆಗೆಂದು ಸಂತೆಯಲ್ಲಿ ಮಾರುವ ಸೀಗಡಿಯನ್ನೇ ಆಮೆಗೆ ಹಾಕುವವರೂ ಇದ್ದಾರೆ. ಉಪ್ಪು ಬೆರೆಸಿ ಒಣಗಿಸಿದ ಸೀಗಡಿಯಾದರೆ ಸಿಹಿನೀರಿನ ಪ್ರಾಣಿಗೆ ಆ ಉಪ್ಪು ಹೊರೆ. ತಿನ್ನದೆ ಉಳಿದ ಚೂರುಗಳು ತೊಟ್ಟಿಯ ನೀರಿನಲ್ಲಿ ಕೊಳೆತು ಅಮೋನಿಯಾ ಏರುತ್ತದೆ. ಕೆರೆಯಲ್ಲಾದರೆ ಆ ಕೊಳೆಯನ್ನು ಕರಗಿಸಲು ಪಾಚಿ, ಸೂಕ್ಷ್ಮಜೀವಿ, ಗಿಡಗಳ ಸಂಸಾರವೇ ಇರುತ್ತದೆ. ಒಂದು ಬಕೆಟ್ ನೀರಿನಲ್ಲಿ ಯಾರಿದ್ದಾರೆ?

'ವಾರಕ್ಕೊಂದು ಸೀಗಡಿ ಹಾಕಿದರೆ ಏನು ಮುಳುಗಿಹೋಗುತ್ತದೆ?' ಎಂದು ಕೇಳುವವರಿಗೆ ಪ್ರಾಮಾಣಿಕವಾದ ಉತ್ತರವನ್ನೇ ಕೊಡಬೇಕು. ಸರಿಯಾದ ಮೇವು, ನೇರ ಬಿಸಿಲು, ವಿಶಾಲವಾದ ನೀರು ಇರುವ ಆಮೆಗೆ ಅಪರೂಪಕ್ಕೊಮ್ಮೆ ಒಂದು ಸೀಗಡಿ ಹಾಕಿದರೆ ಏನೂ ಆಗುವುದಿಲ್ಲ. ಆದರೆ ಅದನ್ನೆಲ್ಲ ಒದಗಿಸಿದ ಮನೆಗಳು ಎಷ್ಟಿವೆ? ಸೀಗಡಿಯ ಡಬ್ಬಿ ಅಗ್ಗ, ಕೈಗೆ ಸುಲಭ. ಆಮೆ ಅದಕ್ಕೆ ಬಾಯಿ ಹಾಕುವುದನ್ನು ನೋಡುವುದು ಮಕ್ಕಳಿಗೆ ಮೋಜು. ಆದ್ದರಿಂದ ತಿಂಡಿಯಾಗಿ ಶುರುವಾದದ್ದು ಊಟವಾಗುತ್ತದೆ. ನಮ್ಮ ಮಕ್ಕಳಿಗೆ ಮೂರು ಹೊತ್ತೂ ಮಿಠಾಯಿ ಕೊಟ್ಟು 'ಇಷ್ಟಪಟ್ಟು ತಿನ್ನುತ್ತಾನೆ' ಎಂದರೆ ಊರಿನವರು ನಮ್ಮನ್ನು ಏನೆನ್ನುತ್ತಾರೆ?

ಆ ಆಮೆ ಯಾರ ಸೊತ್ತು?

ತಿಂಡಿಯ ಮಾತು ಇಲ್ಲಿಗೆ ಸಾಕು. ತೊಟ್ಟಿಯಲ್ಲಿರುವ ಆಮೆ ಯಾವುದು, ಎಲ್ಲಿಂದ ಬಂತು ಎಂದು ಈಗ ಕೇಳೋಣ. ನಮ್ಮ ಸೀಮೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರು ಉತ್ತರಗಳು.

ಮೊದಲನೆಯದು ನಮ್ಮದೇ ಕೆರೆಯ ಮೆತುಚಿಪ್ಪಿನ ಆಮೆ. ಬೆನ್ನಿನ ಮೇಲೆ ಚರ್ಮದ ಹೊದಿಕೆಯಿದ್ದು, ಹಿಂಗಾಲುಗಳನ್ನು ಒಳಗೆಳೆದುಕೊಂಡಾಗ ಹೊಟ್ಟೆಯ ಕಡೆಯ ಮಡಿಕೆಗಳಿಂದ ಮುಚ್ಚಿಕೊಳ್ಳುವ ಈ ಆಮೆಯನ್ನು ಕೆರೆಯ ಬದುವಿನಲ್ಲಿ ಆಡಿ ಬೆಳೆದವರೆಲ್ಲ ಕಂಡಿರುತ್ತಾರೆ. ಮಳೆಯೇ ಅಪರೂಪವಾದ ಹಿರಿಯೂರಿನಂಥ ತಾಲ್ಲೂಕಿನಲ್ಲಿ ಅದು ಬದುಕುಳಿದದ್ದೇ ಒಂದು ವಿಸ್ಮಯ. ಕೆರೆ ಒಣಗಿದಾಗ ಅದು ಕೆಸರಿನೊಳಗೆ ಹುದುಗಿ, ಉಸಿರಾಟವನ್ನೂ ಮೈಯ ಚಟುವಟಿಕೆಯನ್ನೂ ತಗ್ಗಿಸಿಕೊಂಡು ಮುಂದಿನ ಮಳೆಯವರೆಗೆ ಕಾಯುತ್ತದೆ. ಬರವನ್ನು ಹೀಗೆ ಗೆಲ್ಲುವ ಪ್ರಾಣಿ ಹೂಳೆತ್ತುವ ಯಂತ್ರದ ಹಲ್ಲಿಗೆ ಸಿಕ್ಕರೆ ಗೆಲ್ಲಲಾರದು. ಬೇಸಿಗೆಯಲ್ಲಿ ಹೂಳಿನೊಡನೆ ಮೇಲೆ ಬಂದ ಆಮೆಗಳನ್ನು ಹುಡುಗರು ಮನೆಗೊಯ್ಯುತ್ತಾರೆ; ಅಲ್ಲಿಂದ ಬಕೆಟ್ಟು, ಬಕೆಟ್ಟಿಗೆ ಸೀಗಡಿ.

ಈ ಆಮೆ ಕೆರೆಯಲ್ಲಿ ಮಾಡುವ ಕೆಲಸವನ್ನು ಗಮನಿಸಿ. ಬಸವನಹುಳು, ಗೊದಮೊಟ್ಟೆ, ಸತ್ತ ಮೀನು, ಜಲಸಸ್ಯ ಎಲ್ಲವನ್ನೂ ತಿಂದು ಅದು ಕೆರೆಯ ಜಾಡಮಾಲಿಯಾಗಿದೆ. ಕುರಿಗಳ ಪಿತ್ತಜನಕಾಂಗವನ್ನು ಕೊರೆಯುವ ಹುಳುವಿನ ಮರಿಗಳು ಬೆಳೆಯುವುದು ಕೆಲವು ಜಾತಿಯ ನೀರಿನ ಬಸವನಹುಳುಗಳ ಹೊಟ್ಟೆಯಲ್ಲಿ ಎಂಬುದನ್ನು ಹಿರಿಯೂರು ಸೀಮೆಯ ಕುರಿಗಾಹಿಗಳು ತಿಳಿದಿರಬೇಕು. ಬಸವನಹುಳುವನ್ನು ಪುಕ್ಕಟೆಯಾಗಿ ತಿನ್ನುವವನನ್ನು ಕೆರೆಯಿಂದ ಎತ್ತಿ ತಂದು, ದುಡ್ಡು ಕೊಟ್ಟು ಕೊಂಡ ಸಮುದ್ರದ ಸೀಗಡಿ ತಿನ್ನಿಸುವ ನಮ್ಮ ಬುದ್ಧಿವಂತಿಕೆಗೆ ಏನೆನ್ನೋಣ?

ಎರಡನೆಯದು ನಕ್ಷತ್ರ ಆಮೆ. ಕರ್ನಾಟಕದ ಪೂರ್ವದಂಚು ಮತ್ತು ಆಂಧ್ರದ ಗಡಿಯ ಕುರುಚಲು ಕಾಡುಗಳಲ್ಲಿ ಬದುಕುವ, ಹುಲ್ಲು, ಎಲೆ, ಹೂವು, ಹಣ್ಣು ತಿನ್ನುವ ನೆಲದ ಪ್ರಾಣಿ. ಮನೆಗೆ ಸಂಪತ್ತು ತರುತ್ತದೆಂಬ ಮೂಢನಂಬಿಕೆಯೂ ಬೆನ್ನಿನ ಮೇಲಿನ ಚಿತ್ತಾರವೂ ಇದರ ಪಾಲಿಗೆ ಶಾಪವಾಗಿವೆ. ಸಸ್ಯಾಹಾರಿಯಾದ ಇದಕ್ಕೆ ಸೀಗಡಿ ಹಾಕುವುದಂತೂ ಶುದ್ಧ ಅಜ್ಞಾನ. ಮಿತಿಮೀರಿದ ಪ್ರೋಟೀನು ಮೂತ್ರಪಿಂಡಗಳಿಗೆ ಹೊರೆಯಾಗಿ, ಯೂರಿಕ್ ಆಮ್ಲ ಕೀಲುಗಳಲ್ಲಿ ಸೇರಿಕೊಂಡು ಪ್ರಾಣಿ ನರಳುತ್ತದೆ. ಆಂಧ್ರದ ಕಡೆಯ ಒಂದೇ ಸಂಗ್ರಹ ಪ್ರದೇಶದಿಂದ ವರ್ಷವೊಂದರಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳು ಕಳ್ಳಸಾಗಣೆಗೆ ಹೋಗುತ್ತಿವೆಯೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. 2019ರಲ್ಲಿ ಈ ಜೀವಿಯನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಸೇರಿಸಲಾಯಿತು. ಅಂದರೆ ಕಾಡಿನಿಂದ ಹಿಡಿದ ನಕ್ಷತ್ರ ಆಮೆಯನ್ನು ವ್ಯಾಪಾರಕ್ಕೆಂದು ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ.

ಈ ಎರಡೂ ಆಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿವೆ. ಹುಲಿಯೂ ಆನೆಯೂ ಇರುವ ಪಟ್ಟಿ ಅದು. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. 2022ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 'ನಾವು ಚೆನ್ನಾಗಿಯೇ ನೋಡಿಕೊಳ್ಳುತ್ತೇವೆ, ಸೀಗಡಿ ಹಾಕುತ್ತೇವೆ' ಎಂಬುದು ನ್ಯಾಯಾಲಯದಲ್ಲಿ ನಿಲ್ಲುವ ಮಾತಲ್ಲ. ಕದ್ದ ಹಸುವಿಗೆ ಹಿಂಡಿ ಹಾಕಿದರೆ ಕಳ್ಳತನ ಮಾಫಿಯಾಗುವುದೇ?

ಅಲಂಕಾರವಾಗಿ ಬಂದವರು

ಮೂರನೆಯದು, ಅಂಗಡಿಯವರು 'ರೆಡ್ ಇಯರ್ಡ್ ಸ್ಲೈಡರ್' ಎಂದು ಮಾರುವ ಕೆಂಪುಕಿವಿ ಆಮೆ. ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ ಇದರ ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಕಣಿವೆ. 'ಇದು ನಮ್ಮ ಕಾಡಿನದಲ್ಲ, ಕಾನೂನಿನ ತೊಡಕಿಲ್ಲ' ಎಂದು ಅಂಗಡಿಯವರು ಧೈರ್ಯ ಹೇಳುತ್ತಾರೆ. ಅವರು ಹೇಳದೆ ಬಿಡುವ ಸಂಗತಿಗಳಿವೆ. ಅಂಗೈಯಲ್ಲಿ ಹಿಡಿಸುವ ಆ ಮರಿ ಬೆಳೆದು ಒಂದು ಅಡಿಯ ಹತ್ತಿರಕ್ಕೆ ಬರುತ್ತದೆ. ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಹತ್ತು ವರ್ಷದ ಹುಡುಗನಿಗೆ ಕೊಟ್ಟ ಉಡುಗೊರೆ ಅವನ ಮಕ್ಕಳು ಶಾಲೆಗೆ ಹೋಗುವ ಕಾಲಕ್ಕೂ ತೊಟ್ಟಿಯಲ್ಲಿರಬೇಕು. ನಡೆಯುವುದು ಬೇರೆ. ಆಮೆ ತಟ್ಟೆಯಗಲವಾಗುತ್ತದೆ, ನೀರು ನಾರುತ್ತದೆ, ಸೀಗಡಿಯ ಡಬ್ಬಿ ಖಾಲಿಯಾಗುತ್ತದೆ, ಹುಡುಗ ಕಾಲೇಜಿಗೆ ಹೋಗುತ್ತಾನೆ. ಆಗ ಮನೆಯವರಿಗೆ ದಯೆ ಉಕ್ಕಿ 'ಪಾಪ, ಕೆರೆಗೆ ಬಿಟ್ಟುಬಿಡೋಣ, ಪುಣ್ಯ ಬರುತ್ತದೆ' ಎನ್ನುತ್ತಾರೆ.

ಆ ಪುಣ್ಯವೇ ಕೆರೆಯ ಪಾಲಿನ ಪಾಪ. ಜಗತ್ತಿನ ಅತ್ಯಂತ ಹಾನಿಕರ ಆಕ್ರಮಣಕಾರಿ ಜೀವಿಗಳ ನೂರರ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಸ್ಥಳೀಯ ಆಮೆಗಳೊಡನೆ ಮೇವಿಗೂ ಬಿಸಿಲು ಕಾಯುವ ಬಂಡೆಗೂ ಪೈಪೋಟಿಗಿಳಿದು ಅವನ್ನು ಹಿಂದಕ್ಕೆ ತಳ್ಳುತ್ತದೆ, ರೋಗಾಣುಗಳನ್ನೂ ಹೊತ್ತು ತರಬಲ್ಲದು. ಯೂರೋಪ್ ಒಕ್ಕೂಟ 1997ರಲ್ಲೇ ಇದರ ಆಮದನ್ನು ನಿಲ್ಲಿಸಿತು. ಬೆಂಗಳೂರಿನ ಕೆರೆಗಳಲ್ಲಿ ಇದು ಈಗಾಗಲೇ ಕಾಣಿಸಿಕೊಂಡಿದೆ. ಕೇರಳದ ತ್ರಿಶೂರಿನ ಬಳಿ ಹೊಳೆಯಲ್ಲಿ ಇವು ಸಿಕ್ಕ ಮೇಲೆ, ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆಯವರು ಜನರಿಂದ ಈ ಆಮೆಗಳನ್ನು ಸಂಗ್ರಹಿಸುವ ಕೆಲಸಕ್ಕೇ ಇಳಿಯಬೇಕಾಯಿತು.

ಈ ಕಥೆಯನ್ನು ನಾವು ಹಿಂದೆಯೂ ಕಂಡಿದ್ದೇವೆ. ಲಂಟಾನ ಅಂದದ ಹೂವಿನ ಗಿಡವಾಗಿ ಈ ದೇಶಕ್ಕೆ ಬಂತು. ಇಂದು ಬೆಟ್ಟದ ದನಗಾಹಿಗೆ ಹುಲ್ಲಿಲ್ಲದಂತೆ ಇಳಿಜಾರುಗಳನ್ನು ಆವರಿಸಿದೆ. ಸೌದೆಯಾಗುತ್ತದೆಂದು ಹರಡಿದ ಬಳ್ಳಾರಿ ಜಾಲಿ ಬಯಲುಸೀಮೆಯ ಕೆರೆಯಂಗಳಗಳನ್ನು ಹಿಡಿದಿದೆ. ಕಾಂಗ್ರೆಸ್ ಗಿಡದ ಬಗ್ಗೆ ರೈತರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಯಾವುದೂ ಶತ್ರುವಿನ ಮುಖ ಹೊತ್ತು ಬರಲಿಲ್ಲ. ಬಂದ ಮೇಲೆ ಯಾವುದೂ ಹಿಂದಿರುಗಲಿಲ್ಲ.

'ಬೆಟ್ಟದ ಮೇಲಿರುವ ನಮಗೆ ಐಮಂಗಲದ ತೊಟ್ಟಿಯ ಉಸಾಬರಿ ಏಕೆ?' ಎನ್ನುವವರಿಗೆ ಇಷ್ಟು ನೆನಪಿಸುತ್ತೇನೆ. ಬಾಬಾಬುಡನ್‌ಗಿರಿಯ ಸಾಲಿನಿಂದ ಇಳಿಯುವ ವೇದಾ ಮತ್ತು ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ; ಹೊಸದುರ್ಗ ಸೀಮೆಯನ್ನು ಹಾದು ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ಸೇರುತ್ತವೆ. 1933ರ ನಂತರ ಆ ಸಾಗರ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆಗ ಜನ ಜಾತ್ರೆಯಂತೆ ನೆರೆದು ಬಾಗಿನ ಬಿಟ್ಟರು. ಬೆಟ್ಟದಿಂದ ಹರಿದುಹೋದ ನೀರಿನಲ್ಲಿ ನಾಳೆ ಮಿಸಿಸಿಪ್ಪಿಯ ಆಮೆ ಮೊಟ್ಟೆಯಿಟ್ಟರೆ ಅದು ಹಿರಿಯೂರಿನವರದ್ದಷ್ಟೇ ತಲೆನೋವೇ? ನದಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ, ಆಮೆಗೂ ಗೊತ್ತಿಲ್ಲ.

ಮನೆಯ ಮಕ್ಕಳ ಆರೋಗ್ಯದ ಮಾತನ್ನೂ ಸೇರಿಸಬೇಕು. ನೋಡಲು ಆರೋಗ್ಯವಾಗಿರುವ ಆಮೆಯೂ ಸಾಲ್ಮೊನೆಲ್ಲಾ ಎಂಬ ರೋಗಾಣುವನ್ನು ಹೊತ್ತಿರಬಹುದು. ಅದು ಎಳೆಯ ಮಕ್ಕಳಲ್ಲಿ ತೀವ್ರ ಭೇದಿ, ಜ್ವರ ತರುತ್ತದೆ. ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ, ಈ ಆಮೆಯ ತವರಿನಲ್ಲೇ, 4 ಅಂಗುಲಕ್ಕಿಂತ ಚಿಕ್ಕ ಆಮೆಗಳನ್ನು ಸಾಕಲೆಂದು ಮಾರುವುದನ್ನು 1975ರಲ್ಲೇ ನಿಷೇಧಿಸಿದರು. ಅಲ್ಲಿ ನಿಷಿದ್ಧವಾದ ಗಾತ್ರದ ಮರಿಯೇ ನಮ್ಮ ಮಕ್ಕಳ ಕೈಗೆ ಉಡುಗೊರೆಯಾಗಿ ಬರುತ್ತಿದೆ.

ಕೂರ್ಮನಿಗೆ ಕೈ ಮುಗಿದು...

ಹೊಸದುರ್ಗ ತಾಲ್ಲೂಕಿನ ಗವಿರಂಗಾಪುರದಲ್ಲಿ ಶ್ರೀರಂಗನಾಥ ಕೂರ್ಮರೂಪಿಯಾಗಿ ನೆಲೆಸಿದ್ದಾನೆ. ಆಮೆಯನ್ನು ದೇವರೆಂದು ಪೂಜಿಸುವ ಅಪರೂಪದ ಕ್ಷೇತ್ರ ನಮ್ಮ ಜಿಲ್ಲೆಯಲ್ಲೇ ಇರುವಾಗ, ಆಮೆಯನ್ನು ಅದೃಷ್ಟದ ಗೊಂಬೆಯಾಗಿ ಮನೆಯ ಮೂಲೆಯಲ್ಲಿ ಕೂಡಿಹಾಕುವುದು ಯಾವ ಭಕ್ತಿ? ಪುರಾಣದ ಕೂರ್ಮ ಮಂದರಪರ್ವತವನ್ನೇ ಬೆನ್ನ ಮೇಲೆ ಹೊತ್ತದ್ದು ಕಡಲ ನಡುವೆ, ಗಾಜಿನ ತೊಟ್ಟಿಯಲ್ಲಲ್ಲ. ದೇವರ ಹೆಸರಿನಲ್ಲಿ ಆಮೆ ಸಾಕುವವರಿಗೆ ನನ್ನ ವಿನಂತಿ ಒಂದೇ: ನಿಮ್ಮೂರ ಕೆರೆಗೆ ಹರಿಯುವ ಚರಂಡಿಯನ್ನು ತಿರುಗಿಸಿ. ಅದಕ್ಕಿಂತ ದೊಡ್ಡ ಕೂರ್ಮಪೂಜೆ ಇಲ್ಲ.

ಏನು ಮಾಡಬೇಕು?

ಟೀಕೆ ಮಾಡಿ ಕೈತೊಳೆದುಕೊಳ್ಳುವುದು ಈ ಪತ್ರಿಕೆಯ ಪದ್ಧತಿಯಲ್ಲ. ಆದ್ದರಿಂದ ನನ್ನ ಸಲಹೆಗಳು ಇವು.

ಒಂದು: ಮನೆಯಲ್ಲಿ ಕೆರೆಯ ಆಮೆಯೋ ನಕ್ಷತ್ರ ಆಮೆಯೋ ಇದ್ದರೆ ಕಂಡ ಕಂಡ ಕಡೆ ಬಿಡದೆ, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಒಪ್ಪಿಸಿ. ಹೊಲ, ಕೆರೆ, ದಾರಿಯಲ್ಲಿ ಕಂಡ ಆಮೆಯನ್ನು ಎತ್ತಿ ತರಬೇಡಿ. ಅದು ದಾರಿ ತಪ್ಪಿಲ್ಲ, ತನ್ನ ದಾರಿಯಲ್ಲೇ ಹೊರಟಿದೆ. ರಸ್ತೆಯ ನಡುವೆ ಇದ್ದರೆ ಅದು ಹೊರಟಿದ್ದ ದಿಕ್ಕಿನ ಬದಿಗೆ ದಾಟಿಸಿದರೆ ಸಾಕು.

ಎರಡು: ಕೆಂಪುಕಿವಿ ಆಮೆಯನ್ನು ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಯಾವ ಕಾರಣಕ್ಕೂ ಕೆರೆ, ಹೊಳೆ, ಕಲ್ಯಾಣಿ, ಬಾವಿಗೆ ಬಿಡಬೇಡಿ. ತಂದವರು ಕೊನೆಯತನಕ ಸಾಕಬೇಕು. ಈಜಲು ವಿಶಾಲವಾದ ನೀರು, ಏರಿ ಕೂರಲು ಕಲ್ಲು, ದಿನಕ್ಕೆ ಕೆಲಕಾಲ ಗಾಜಿನ ಅಡ್ಡಿಯಿಲ್ಲದ ಎಳೆಬಿಸಿಲು, ಜೊತೆಗೆ ನೆರಳು ಬೇಕು. ಹಸುಗಳಿಗೆಂದು ಬೆಳೆಯುವ ಅಜೋಲ್ಲ, ಜಲಸಸ್ಯ, ಹಸಿರು ಸೊಪ್ಪು, ಅಳತೆಯಲ್ಲಿ ಆಮೆಗೆಂದೇ ತಯಾರಿಸಿದ ಸಮತೋಲನದ ಮೇವು ಇರಲಿ. ಸೀಗಡಿ ಅಪರೂಪಕ್ಕೊಂದು, ಉಪ್ಪಿಲ್ಲದ್ದು, ಹಾಕದಿದ್ದರೂ ನಷ್ಟವಿಲ್ಲ. ಕಣ್ಣು ಊದಿದರೆ, ಚಿಪ್ಪು ಮೆತ್ತಗಾದರೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ; ತೊಟ್ಟಿಯ ನೀರನ್ನು ಅಡುಗೆಮನೆಯಲ್ಲಿ ಚೆಲ್ಲಬೇಡಿ; ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಿ.

ಮೂರು: ಕೆರೆಯ ಹೂಳೆತ್ತುವಾಗ ಇಡೀ ಅಂಗಳವನ್ನು ಒಮ್ಮೆಲೇ ಕೆರೆಯದೆ, ತಗ್ಗಿನ ಕೆಸರು ಭಾಗವನ್ನು ಉಳಿಸಿ ಹಂತಹಂತವಾಗಿ ತೆಗೆಯಬೇಕೆಂದು ಗ್ರಾಮಸಭೆಯಲ್ಲಿ ಒತ್ತಾಯಿಸಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಇರಬೇಕು. ನಿಮ್ಮ ಊರಿನ ದಾಖಲೆಯಲ್ಲಿ ಆಮೆ ಇದೆಯೇ? ಕೇಳಿ ನೋಡಿ. ಇಲ್ಲವಾದರೆ ಬರೆಸಿ.

ನಾಲ್ಕು: ವಿದ್ಯಾರ್ಥಿಗಳೇ, ನಿಮ್ಮ ಊರಿನ ಹಿರಿಯರನ್ನು ಕೂರಿಸಿಕೊಂಡು ಯಾವ ಕೆರೆಯಲ್ಲಿ ಯಾವ ಆಮೆ ಇತ್ತು, ಯಾವಾಗ ಕಾಣೆಯಾಯಿತು ಎಂದು ಬರೆದುಕೊಳ್ಳಿ. ಪೇಟೆಯ ಅಂಗಡಿಗಳಲ್ಲಿ ಯಾವ ಆಮೆ ಮಾರುತ್ತಾರೆಂದು ಗಮನಿಸಿ. ದೇಶಿ ಆಮೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಈ ಮಾಹಿತಿಗೆ ಯಾವ ಪ್ರಯೋಗಾಲಯವೂ ಬೇಕಿಲ್ಲ, ನೋಟುಪುಸ್ತಕವೂ ತಾಳ್ಮೆಯೂ ಸಾಕು.

ಐದು: ಆಕ್ರಮಣಕಾರಿ ಅನ್ಯದೇಶೀಯ ಜೀವಿಗಳ ಆಮದು, ವ್ಯಾಪಾರ, ಸಾಕಣೆಗಳನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು 2022ರ ತಿದ್ದುಪಡಿ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆ ಅಧಿಕಾರ ಕಾಗದದ ಮೇಲಷ್ಟೇ ಉಳಿಯಬಾರದು. ಹಳ್ಳಿಯ ಹುಡುಗ ಕೆರೆಯ ಆಮೆ ಹಿಡಿದರೆ ಕೇಸು ಹಾಕುವ ವ್ಯವಸ್ಥೆ, ನಗರದ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಪರದೇಶಿ ಆಮೆಮರಿಗಳ ಮುಂದೆ ಕಣ್ಣು ಮುಚ್ಚುವುದಾದರೆ ಅದು ನ್ಯಾಯವೆನಿಸದು. ಕೊಳ್ಳುವವನಿಗೆ ಬುದ್ಧಿ ಹೇಳಿದಷ್ಟೇ ದೃಢವಾಗಿ ಮಾರುವವನ ಬಾಗಿಲನ್ನೂ ತಟ್ಟಬೇಕು.

ಪ್ರಾಣಿಯನ್ನು ಪ್ರೀತಿಸುವುದೆಂದರೆ ಅದು ನಮ್ಮ ಕೈಯಿಂದ ತಿನ್ನುವುದನ್ನು ನೋಡಿ ಸುಖಿಸುವುದು ಎಂಬ ಭ್ರಮೆಯನ್ನು ಮಾರುಕಟ್ಟೆ ನಮ್ಮ ಮಕ್ಕಳಲ್ಲಿ ಬಿತ್ತುತ್ತಿದೆ. ಆ ಬೀಜ ಮೊಳೆಯುವ ಮೊದಲೇ ಕೀಳಬೇಕಾದವರು ನಾವು. ಸಂಜೆಯ ಹೊತ್ತು ಮಕ್ಕಳ ಕೈ ಹಿಡಿದು ಕೆರೆಯ ಏರಿಯ ಮೇಲೆ ಕರೆದೊಯ್ಯಿರಿ. ಸದ್ದು ಮಾಡದೆ ಕುಳಿತರೆ ನೀರಿನಿಂದ ಒಂದು ಮೂತಿ ಮೇಲೆದ್ದು, ಉಸಿರೆಳೆದುಕೊಂಡು, ಮತ್ತೆ ಮುಳುಗುವುದು ಕಂಡೀತು. ಅದಕ್ಕೆ ನಿಮ್ಮ ಸೀಗಡಿ ಬೇಡ. ಕೆರೆಯೊಂದಿದ್ದರೆ ಸಾಕು.